ಕಾರ್ಬುರೇಟರಿನ ಸುಳ್ಳು

ಕೊಳ್ಳೇಗಾಲ
೧೪-೩-೧೯೭೩, ಬುಧವಾರ ಬೆಳಿಗ್ಗೆ

ಪ್ರೀತಿಯ ಅವ್ವನಿಗೆ,

ಅಕ್ಷರ ನನ್ನದಲ್ಲ ಅಂತ ಗಾಬರಿಯಾಗಬೇಡ, ನಾನು ಗಟ್ಟಿಮುಟ್ಟಾಗಿದ್ದೇನೆ. ಬಲಗೈ ಹೆಬ್ಬೆರಳು ಮಾತ್ರ ಮುರಿದಿದೆ, ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ನಾನು ಬಾಯಲ್ಲಿ ಹೇಳುತ್ತಿದ್ದೇನೆ, ಗುರುಸಿದ್ದಯ್ಯ ಮೇಷ್ಟ್ರು ಬರೆದುಕೊಳ್ಳುತ್ತಿದ್ದಾರೆ. ನಾನು ‘ಓಯ್ತೀನಿ’ ಅಂದರೆ ಅವರು ‘ಹೋಗುತ್ತೇನೆ’ ಅಂತ ಬರೆಯುತ್ತಾರೆ. ಹಾಗಾಗಿ ಈ ಕಾಗದದಲ್ಲಿ ನಿನ್ನ ಮಗ ಸ್ವಲ್ಪ ಬುದ್ಧಿವಂತನಂತೆ ಕಂಡರೆ ನಂಬಬೇಡ. ಮೊದಲು ನಿನ್ನ ವಿಷಯ. ಆಪರೇಷನ್ ಗಾಯ ಪೂರ್ತಿ ಒಣಗಿತೆ? ಕರೆಂಟು (ರೇಡಿಯೇಷನ್ ಅನ್ನಬೇಕಂತೆ, ಮೇಷ್ಟ್ರು ತಿದ್ದುತ್ತಾರೆ) ಕೊಟ್ಟ ಜಾಗ ಉರಿಯುತ್ತದೆ ಅಂತ ಬರೆದಿದ್ದೀಯಲ್ಲ, ನಿದ್ದೆ ಬರುತ್ತದೆಯೆ? ಗಂಜಿಯಾದರೂ ಗಂಟಲಲ್ಲಿ ಇಳಿಯುತ್ತದೆಯೆ? ಚನ್ನಾಜಮ್ಮ ಚಿಕ್ಕಮ್ಮ ದಿನಾ ಬಂದು ಹೋಗುತ್ತಾರೆ ತಾನೆ?

ನಿನ್ನ ಕಾಗದ ನಿನ್ನೆ ತಲುಪಿತು. ಇಪ್ಪತ್ತೈದು ಕರೆಂಟಿನಲ್ಲಿ ಹನ್ನೊಂದು ಆಯಿತು, ಸಾಕು, ಶನಿವಾರದ ಬಸ್ಸಿಗೆ ಊರಿಗೆ ಬಂದುಬಿಡುತ್ತೇನೆ, ಕಾಯಿಲೆಯ ವಿಷಯ ಯಾರಿಗೂ ಹೇಳಬೇಡ ಅಂತ ಬರೆದಿದ್ದೀಯ. ಅವ್ವಾ, ಬರಬೇಡ. ಇವತ್ತೇ ತಂತಿ ಕೊಡೋಣ ಅಂತ ಪೋಸ್ಟಾಫೀಸಿನ ಮೆಟ್ಟಿಲವರೆಗೆ ಹೋಗಿದ್ದೆ. ತಂತಿಯವನನ್ನು ವಾರ್ಡಿನ ಬಾಗಿಲಲ್ಲಿ ನೋಡಿದರೆ ಓದುವ ಮುಂಚೆಯೇ ನಿನ್ನ ಎದೆ ಒಡೆಯುತ್ತದೆ ಅಂತ ಮೇಷ್ಟ್ರು ವಾಪಸ್ ಕರೆತಂದರು. ಇನ್ನು ಯಾರಿಗೂ ಹೇಳಬೇಡ ಅನ್ನುವ ಮಾತು. ಅದು ನಿನ್ನ ಕಾಗದ ಬರುವ ಮುಂಚೆಯೇ, ಭಾನುವಾರವೇ ಕೆಟ್ಟುಹೋಯಿತು.

ಆಗಿದ್ದು ಇಷ್ಟು. ನಮ್ಮ ಮಾರಿಸ್, ಮೇಷ್ಟ್ರ ಆಸ್ಟಿನ್, ಕೆಂಪನಂಜಪ್ಪನವರ ಫೋರ್ಡ್, ನಿಮ್ಮ ಈ ಮೂರು ಹಳೇ ಕಾರುಗಳ ಬಳಗದಲ್ಲಿ ನೀವೇ ಮಾಡಿಕೊಂಡ ನಿಯಮ ಇದೆಯಲ್ಲ, ಯಾರ ಗಾಡಿ ವಾರಕ್ಕಿಂತ ಹೆಚ್ಚು ನಿಂತರೂ ಉಳಿದವರು ಹೋಗಿ ಎಬ್ಬಿಸಬೇಕು ಅಂತ, ಅದೇ ನಿನ್ನನ್ನು ಹಿಡಿದುಕೊಟ್ಟಿತು. ನೀನು ಹೊರಟ ಮೇಲೆ ಮೂರು ಭಾನುವಾರ ಶೆಡ್ಡಿನ ಬೀಗದ ಕೈ ಕಳೆದಿದೆ ಅಂತ ಹೇಳಿ ತಪ್ಪಿಸಿದೆ. ನಾಲ್ಕನೇ ಭಾನುವಾರ ಹನೂರಿನ ಕೆಂಪನಂಜಪ್ಪನವರು ತಮ್ಮ ಫೋರ್ಡಿನಲ್ಲಿ ಇಲ್ಲಿಗೆ ಬಂದು, ಮೇಷ್ಟ್ರನ್ನೂ ನನ್ನನ್ನೂ ಹತ್ತಿಸಿಕೊಂಡು, ಒಂದು ಸುತ್ತಿಗೆ ಸಮೇತ ಯಳಂದೂರಿನ ನಮ್ಮ ಮನೆಗೆ ಹೊರಟೇಬಿಟ್ಟರು. ಸುತ್ತಿಗೆ ನೋಡಿದ ಮೇಲೆ ಬೀಗದ ಕೈ ನನ್ನ ಜೇಬಿನಲ್ಲೇ ಸಿಕ್ಕಿತು. ನಮ್ಮ ಮಾರಿಸ್ ಮೇಲೆ ಧೂಳು ಬೆರಳುದ್ದ. ನಾನು ಜಂಬಕ್ಕೆ ಗಾಡಿ ಎಬ್ಬಿಸುವ ಹ್ಯಾಂಡಲ್ ಹಿಡಿದೆ. ಹೆಬ್ಬೆರಳು ಸುತ್ತಿ ಹಿಡಿಯಬೇಡ, ಇಂಜಿನ್ ಹಿಂದಕ್ಕೆ ಒದ್ದರೆ ಮುರಿಯುತ್ತದೆ ಅಂತ ನೀನು ಎಷ್ಟು ಸಲ ಹೇಳಿದ್ದೆ. ಒದೆಯಿತು, ಮುರಿಯಿತು. ನಾನು ಕೈ ಹಿಡಿದುಕೊಂಡು ಕುಣಿಯುತ್ತಿದ್ದರೆ ಇಬ್ಬರಿಗೂ ನನ್ನ ಗೊಡವೆಯೇ ಇಲ್ಲ. ಕೆಂಪನಂಜಪ್ಪನವರು ಹ್ಯಾಂಡಲ್ ಎರಡೇ ಸಲ ತಿರುಗಿಸಿ ಗಾಡಿ ಎಬ್ಬಿಸಿ, ಬಾನೆಟ್ ಎತ್ತಿ, ತಲೆ ಒಳಗೆ ಹಾಕಿ ಕಿವಿಗೊಟ್ಟು ನಿಂತರು.

ನೀನು ಅವರಿಗೆ ಹೇಳಿ ಹೋಗಿದ್ದು ಏನು? ಕಾರ್ಬುರೇಟರ್ ಕೆಟ್ಟಿದೆ, ತಂಗಿ ಮನೆಯಲ್ಲಿ ಇದ್ದುಕೊಂಡು ಬೆಂಗಳೂರೆಲ್ಲ ಹುಡುಕಿಸಿ ಒಂದನ್ನು ತರುತ್ತೇನೆ ಅಂತ. ಅವ್ವಾ, ಸುಳ್ಳು ಹೇಳುವುದಾದರೆ ಮಂಡಿನೋವು ಅನ್ನಬಹುದಿತ್ತು, ಯಾರದೋ ಬಾಣಂತನ ಅನ್ನಬಹುದಿತ್ತು. ಗಾಡಿ ಬಲ್ಲವರಿಗೆ ಹೋಗಿ ಗಾಡಿಯ ಸುಳ್ಳು ಹೇಳುವುದೆ? ಇಂಜಿನ್ನು ಒಂದಿಷ್ಟೂ ಕೆಮ್ಮದೆ ಓಡುತ್ತಿತ್ತು. ಅವರು ತಲೆ ಹೊರಗೆ ತೆಗೆದು ನನ್ನನ್ನೇ ನೋಡಿದರು. “ಕಾರ್ಬುರೇಟ್ರು ಸೆಂದಾಗದ ಕಣ್ಲಾ. ನಿಮ್ಮವ್ವ ಯಾತ್ಕ ಬೆಂಗ್ಳೂರ್ಗ ಓಗಿರದು?” ಅಂದರು. ನಾನು ಬೆರಳಿಗೆ ಟವೆಲು ಸುತ್ತಿಕೊಳ್ಳತೊಡಗಿದೆ. ಅವರೇ ಇಂಜಿನ್ ಆರಿಸಿ ಮೆಲ್ಲಗೆ, “ಕ್ಯಾನ್ಸರಾ?” ಅಂದರು. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನನಗೆ ಅಳು ಬಂತು, ಬೆರಳಿನ ನೋವಿಗೆ ಅಂತ ಮೇಷ್ಟ್ರು ತಿಳಿದುಕೊಂಡರು.

ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳು, ಇಲ್ಲೇ ಇರುವುದು ಮಜಾ. ಮೂರು ವರ್ಷದ ಹಿಂದೆ ಫೋರ್ಡಿಗೆ ಗೇರ್‌ಬಾಕ್ಸ್ ತರುತ್ತೇನೆ ಅಂತ ಕೆಂಪನಂಜಪ್ಪನವರು ಆರು ವಾರ ಮದ್ರಾಸಿಗೆ ಹೋಗಿದ್ದರಲ್ಲ? ಹೋಗೇ ಇರಲಿಲ್ಲ! ನೀನಿರುವ ಅದೇ ಆಸ್ಪತ್ರೆಯಲ್ಲಿ, ಗಂಡಸರ ವಾರ್ಡಿನಲ್ಲಿ, ದವಡೆಗೆ ಕರೆಂಟು ಕೊಡಿಸಿಕೊಳ್ಳುತ್ತಾ ಮಲಗಿದ್ದರಂತೆ. ಹೊಗೆಸೊಪ್ಪಿನ ಕೊಡುಗೆ. ವಾಪಸ್ ಬಂದಾಗ ಗಡ್ಡ ಬಿಟ್ಟಿದ್ದರು, ಮದ್ರಾಸಿನ ಬಿಸಿಲಿಗೆ ಮುಖ ಕಪ್ಪಾಯಿತು ಅಂದಿದ್ದರು, ನೀನು ಅವರಿಗೆ ಎಳನೀರು ಕಳಿಸಿದ್ದೆ. ಜನ ಅಂಟುರೋಗ ಅಂತ ದೂರ ಕೂರುತ್ತಾರೆ, ಮಗಳ ಮದುವೆ ನಿಂತುಹೋಗುತ್ತದೆ ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದರಂತೆ. ಎಡವಟ್ಟಾಗಿದ್ದು ಏನು ಅಂದರೆ, ಮದ್ರಾಸು ಅಂದ ಕೂಡಲೇ ನಮ್ಮ ಮೇಷ್ಟ್ರು ತಮ್ಮ ಆಸ್ಟಿನ್ನಿಗೆ ಬೇಕಾದ ಸಾಮಾನಿನ ಪಟ್ಟಿ ಬರೆದು ಅವರ ಜೇಬಿಗೆ ತುರುಕಿದ್ದರು. ಅದರಲ್ಲಿ ಮೊದಲನೆಯದು ಎಡಗಡೆಯ ಹೆಡ್‌ಲೈಟು.

ಹನ್ನೊಂದೋ ಹನ್ನೆರಡೋ ಕರೆಂಟು ಆದ ಮೇಲೆ ಅವರಿಗೂ ಸಾಕಾಯಿತಂತೆ. ಬಾಯೆಲ್ಲ ಹುಣ್ಣು, ಎಂಜಲು ನುಂಗಿದರೂ ಬೆಂಕಿ. ಯಾರಿಗೂ ಹೇಳದೆ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ, ಕೊಳ್ಳೇಗಾಲದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಾರೆ. ಆಗ ನೆನಪಾಗಿದೆ, ಮೇಷ್ಟ್ರ ಲೈಟು ಸಿಕ್ಕಿಲ್ಲ. ಬರಿಗೈಯಲ್ಲಿ ಇಳಿದರೆ ಮದ್ರಾಸಿನ ಸುಳ್ಳು ಬಯಲಾಗುತ್ತದೆ. ತಿರುಗಿ ಆಸ್ಪತ್ರೆಗೇ ಬಂದರು. ಲೈಟು ಸಿಗುವುದಕ್ಕೆ ಮೂರು ವಾರ ಹಿಡಿಯಿತು. ವಾರ್ಡಿನ ಆಯಾಳ ಗಂಡ ಲಾರಿ ಡ್ರೈವರು, ಅವನು ಹಳೇ ಕಬ್ಬಿಣದ ಅಂಗಡಿಗಳಲ್ಲಿ ಹುಡುಕಿ ತಂದುಕೊಟ್ಟನಂತೆ. ಅಷ್ಟು ಹೊತ್ತಿಗೆ ಕರೆಂಟೂ ಮುಗಿದಿತ್ತು. ಇದನ್ನು ಕೇಳಿ ಮೇಷ್ಟ್ರು, “ಹಂಗಾದ್ರ ನನ್ ಲೈಟು ನಿನ್ ಮಂಚದ ಕೆಳಗ ಮನಗಿತ್ತಾ?” ಅಂದರು. ಕೆಂಪನಂಜಪ್ಪನವರು, “ನನ್ ಜೊತೇಲಿ ಅದ್ಕೂ ಕರೆಂಟ್ ಸಿಕ್ತು ಕಣಪ್ಪಾ, ಅದ್ಕೇ ಸೆಂದಾಗಿ ಉರೀತದ” ಅಂದರು. ಮೂವರೂ ಮಾರಿಸ್‌ಗೆ ಒರಗಿ ನಕ್ಕಿದ್ದೇ ನಕ್ಕಿದ್ದು. (ಇದನ್ನು ಬರೆಯುವುದಿಲ್ಲ ಅಂತ ಮೇಷ್ಟ್ರು ಹಟ ಮಾಡಿದರು. ಬರೆದಿದ್ದಾರೆ.)

ಈಗ ಮುಖ್ಯ ಸುದ್ದಿ. ನಿನ್ನೆ ನಿನ್ನ ಕಾಗದ ತೋರಿಸಿದ ಕೂಡಲೇ ಇಬ್ಬರೂ ಕೂತು ತೀರ್ಮಾನ ಮಾಡಿಬಿಟ್ಟರು. ಶುಕ್ರವಾರ ಬೆಳಿಗ್ಗೆ ಫೋರ್ಡ್ ಮತ್ತು ಮಾರಿಸ್ ಎರಡೂ ಬೆಂಗಳೂರಿಗೆ ಹೊರಡುತ್ತವೆ! ಮಳವಳ್ಳಿ, ಕನಕಪುರದ ಮೇಲೆ. ಮಾರಿಸ್ ಮುಂದೆ, ಯಾಕೆಂದರೆ ಅದು ನಿಂತರೆ ಹಿಂದಿನವರಿಗೆ ಕಾಣಬೇಕು. ನನ್ನ ಕೈ ಹೀಗಾದ್ದರಿಂದ ಓಡಿಸುವುದು ಮೇಷ್ಟ್ರು. ಸ್ಕೂಲಿಗೆ ರಜೆ ಹಾಕಿದ್ದಾರೆ. ಎರಡನೇ ಗೇರು ಎಗರುತ್ತದೆ, ಎಡ ಮಂಡಿಯಲ್ಲಿ ಒತ್ತಿ ಹಿಡಿಯಿರಿ ಅಂತ ನಾನು ಹೇಳಿಕೊಟ್ಟರೆ, ಮೈಸೂರು ನಂಬರಿನ ಗಾಡಿಗಳ ಬುದ್ಧಿಯೇ ಇಷ್ಟು ಅಂದರು. ಕೊಳ್ಳೇಗಾಲ ಮದ್ರಾಸು ರಾಜ್ಯ ಬಿಟ್ಟು ನಮ್ಮ ಕಡೆ ಸೇರಿ ಹದಿನೇಳು ವರ್ಷವಾದರೂ ಇವರ ಕೊಬ್ಬು ಇಳಿದಿಲ್ಲ. ಮಾರಿಸ್ ಅಲ್ಲೇ, ನಿನ್ನ ವಾರ್ಡಿನ ಕಿಟಕಿಗೆ ಕಾಣುವ ಮರದ ಕೆಳಗೆ ನಿಲ್ಲುತ್ತದೆ. ಉಳಿದ ಹದಿನಾಲ್ಕು ಕರೆಂಟಿಗೆ ಮೂರು ವಾರ ಬೇಕು. ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ವಾರ ಇರುತ್ತೇವೆ. ಸಂಜೆ ಹ್ಯಾಂಡಲ್ ನಾವು ತಿರುಗಿಸುತ್ತೇವೆ, ಒಳಗೆ ಕೂತು ಆಕ್ಸಿಲರೇಟರ್ ಒತ್ತುವುದು ನಿನ್ನ ಕೆಲಸ. ಕೆಂಪನಂಜಪ್ಪನವರು ಹೇಳಿದ್ದು ಇನ್ನೊಂದಿದೆ: ಕರೆಂಟು ಕೊಟ್ಟ ಜಾಗಕ್ಕೆ ಸೋಪು ಸೋಕಿಸಬೇಡ, ಹಳೇ ಮೆತ್ತನೆಯ ಬಟ್ಟೆ ಹಾಕಿಕೋ, ರಾಗಿ ಗಂಜಿ ಪೂರ್ತಿ ಆರಿದ ಮೇಲೆ ಕುಡಿ.

ಅಪ್ಪ ತೀರಿಕೊಂಡಾಗ ಗಾಡಿ ಮಾರು ಅಂದವರ ಎದುರಿಗೇ ಸ್ಟೀರಿಂಗ್ ಹಿಡಿದು ಸಂತೆಬೀದಿಯಲ್ಲಿ ಹೋದವಳು ನೀನು. ನಾನು ನೋಡು, ಮೈಸೂರಿನಲ್ಲಿ ನಾಲ್ಕು ತಿಂಗಳು, ಭದ್ರಾವತಿಯಲ್ಲಿ ಎರಡು, ಕೊಯಮತ್ತೂರಿನ ಮಿಲ್ಲಿನಲ್ಲಿ ಐದು, ಈಗ ಇಲ್ಲಿ ಬಸ್ಸಿನವರ ಶೆಡ್ಡಿನಲ್ಲಿ. ಪ್ರತಿ ಸಲವೂ ನಿನ್ನಿಂದ ಬೈಸಿಕೊಂಡಿದ್ದೇನೆ. ಅರ್ಧಕ್ಕೆ ಬಿಟ್ಟು ಬರುವ ಕೆಲಸ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಇರಲಿ, ಅವ್ವಾ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಶುಕ್ರವಾರ ನಾಲ್ಕು ಜನಕ್ಕೆ ಆಗುವಷ್ಟು ಉಪ್ಪಿಟ್ಟು ಮಾಡಲಿ, ಮೇಷ್ಟ್ರು ಇಬ್ಬರ ಲೆಕ್ಕ. ಮಾದಪ್ಪ ನಿನ್ನ ಉರಿಯನ್ನು ತಣ್ಣಗೆ ಮಾಡಲಿ. ಕಾಲಿಗೆ ಬೀಳುವುದನ್ನು ಬಂದೇ ಬೀಳುತ್ತೇನೆ.

ನಿನ್ನ ಮಗ,
ಷಡಕ್ಷರಿ

ತಾ.ಕ.: ಮೇಷ್ಟ್ರು ಸ್ಕೂಲಿಗೆ ಹೋದರು, ಇದು ಎಡಗೈ ಬರಹ. ಅವರಿಗೂ ಇದು ಗೊತ್ತಿಲ್ಲ. ಇವತ್ತು ಬೆಳಗಾಗುತ್ತಲೇ ಕೆಂಪನಂಜಪ್ಪನವರು ಒಬ್ಬರೇ ನಾನು ಕೆಲಸ ಮಾಡುವ ಶೆಡ್ಡಿಗೆ ಬಂದಿದ್ದರು. ನನ್ನ ಕೈ ಹಿಡಿದು ಗಡ್ಡದೊಳಗೆ ಇಟ್ಟುಕೊಂಡರು. ದವಡೆಯ ಕೆಳಗೆ ಹುಣಸೆಬೀಜದಷ್ಟು ಗಂಟು. ಮತ್ತೆ ಬಂದಿದೆ. ದೀಪಾವಳಿಯಿಂದ ಗೊತ್ತಂತೆ, ಈ ಸಲ ಆಸ್ಪತ್ರೆ ಬೇಡವೇ ಬೇಡ ಅಂತ ಸುಮ್ಮನಿದ್ದರಂತೆ. “ಅಕ್ಕಾರು ಇಪ್ಪತ್ತೈದೂ ಮುಗುಸ್ತರ ಅಂದ್ರ ನಾನೂ ಓಗಿ ಮನಿಕತೀನಿ. ಅವ್ರು ಬಸ್ ಅತ್ತುದ್ರ ನಾನು ಫೋರ್ಡ್ ತಿರುಗುಸ್ಕಂಡು ಅನೂರ್ಗ ಬತ್ತೀನಿ” ಅಂದರು. ನಿನಗೆ ಬರೆಯಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾರೆ. ಶುಕ್ರವಾರ ಸಂಜೆ ಆಸ್ಪತ್ರೆ ಗೇಟಿನ ಹತ್ತಿರ ನಿಂತಿರು ಅವ್ವಾ. ಕೈಯಲ್ಲಿ ಚೀಲ ಇರಬಾರದು. ಫೋರ್ಡಿನಿಂದ ನೋಡಿದರೆ ಕಾಣುವ ಹಾಗೆ ನಿಂತಿರು.