ನಾಲ್ಕು ಪಾಯಿಂಟ್ ಎಂಟು ಸ್ಟಾರಿನ ಬಚ್ಚಲುಮನೆ

ಹೋಮ್‌ಸ್ಟೇಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ನಾನು ಮಲಗದ ಛತ್ರವಿಲ್ಲ, ತಂಗದ ಲಾಡ್ಜಿಲ್ಲ. ದಿಂಬು ಮೂಸಿ ನೋಡಿ, ಹಿಂದಿನ ವಾರ ಅದರ ಮೇಲೆ ಯಾವ ಜಿಲ್ಲೆಯವರು ಮಲಗಿದ್ದರೆಂದು ಹೇಳಬಲ್ಲೆ. ನನ್ನನ್ನೊಂದು ಮಾತು ಕೇಳದೆ ಮೂವರು ಮುಖ್ಯಮಂತ್ರಿಗಳು ಯಾವ ಪ್ರವಾಸಿ ಮಂದಿರದಲ್ಲೂ ಹಾಸಿಗೆ ಬಿಚ್ಚಿದವರಲ್ಲ. ಇಂಥ ನಾನು ಆರಿಸಿದ, ತಾವು ಪರವಾನಗಿ ಕೊಟ್ಟ, ಇನ್ನೂರ ಹನ್ನೊಂದು ಜನ ಹೊಗಳಿ ಬರೆದ ಒಂದು ಮನೆಯ ಬಚ್ಚಲಿನಲ್ಲಿ ನಾಲ್ಕು ತಿಂಗಳ ಹಿಂದೆ ಇಪ್ಪತ್ನಾಲ್ಕು ವರ್ಷದ ಹುಡುಗಿ ಸತ್ತಳು. ‘ಸದರಿ ಮನೆಯಲ್ಲಿ ಯಾವುದೇ ನ್ಯೂನತೆ ಕಂಡುಬಂದಿರುವುದಿಲ್ಲ’ ಎಂದು ತಾವು ಒಂದು ಸಾಲು ಬರೆದು ಸಹಿ ಹಾಕಿದಿರಿ. ಆ ಸಾಲು ಈಗ ಇನ್ನೊಬ್ಬ ಹುಡುಗಿಯ ಬದುಕನ್ನು ತಿನ್ನುತ್ತಿದೆ. ಅದನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳುವುದಕ್ಕೇ ಈ ಪತ್ರ.

ನಾನು ಭದ್ರಾವತಿಯಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವನು. ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು. ನನ್ನ ಅಕ್ಕ ಶಂಕರಮ್ಮನ ಮನೆ ಶಿವಮೊಗ್ಗದ ರಾಗಿಗುಡ್ಡದಲ್ಲಿ. ಅವಳ ಮಗಳು ತನುಜಾ ಅಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಹಿರಿಯೂರಿನ ವಿಜಯೇಂದ್ರ ಎಂಬ ಹುಡುಗನ ಜೊತೆ ಫೆಬ್ರವರಿಯಲ್ಲಿ ಅವಳ ಮದುವೆ ಗೊತ್ತಾಗಿತ್ತು. ಬೀಗರು ಹಿಂದಿನ ದಿನವೇ ಬರುವವರು. ಅವರನ್ನು ಇಳಿಸಿಕೊಳ್ಳುವ ಜವಾಬ್ದಾರಿ ಸೋದರಮಾವನಾದ ನನ್ನದು.

“ಮಂಟಪದಲ್ಲೇ ಆರು ರೂಮ್ ಇದಾವಲ್ಲೋ, ಸುಮ್ನೆ ಯಾಕೆ?” ಅಂದಳು ಅಕ್ಕ.

“ನಿನ್ ತಮ್ಮ ಬದುಕಿರೋವಾಗ ಬೀಗರು ಮಂಟಪದ ಸೊಳ್ಳೆ ಕೈಲಿ ಕಚ್ಚಿಸ್ಕೊಂಡು ಮಲಗ್ಬೇಕಾ ಮಾರಾಯ್ತಿ?” ಅಂದೆ ನಾನು. ಹಾಗಂದವನು ಮೊಬೈಲ್ ತೆಗೆದು ಆಯನೂರು ರಸ್ತೆಯ ಆ ಮನೆಯನ್ನು ಹುಡುಕಿದೆ. ನಾಲ್ಕು ಪಾಯಿಂಟ್ ಎಂಟು ಸ್ಟಾರು. ಎರಡು ದಿನ ಕೂತು ಅಷ್ಟೂ ರಿವ್ಯೂ ಓದಿದೆ. ತಾವು ಒಂದನ್ನಾದರೂ ಓದಿದ್ದೀರಾ? ಓದಿರಲಾರಿರಿ. ಮೂರನ್ನು ಇಲ್ಲಿ ಬರೆಯುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಒಬ್ಬರು ಬರೆದಿದ್ದಾರೆ: ‘ಇಲ್ಲಿ ಬಿಸಿನೀರು ಸ್ನಾನ ಮಾಡಿ ಹೊರಗೆ ಬಂದರೆ ಸಾಕು, ಕಣ್ಣು ತಾನಾಗಿಯೇ ಮುಚ್ಚಿಕೊಂಡು ಬರುತ್ತೆ. ಬೆಂಗಳೂರಲ್ಲಿ ಇಂಥ ನಿದ್ದೆ ಸಿಗಲ್ಲ!’ ಇನ್ನೊಬ್ಬರು: ‘ಮಗಳಿಗೆ ಸ್ನಾನದ ಮನೆಯಲ್ಲಿ ಸ್ವಲ್ಪ ತಲೆ ಸುತ್ತಿತ್ತು, ಪ್ರಯಾಣದ ಆಯಾಸ ಇರಬೇಕು. ಅಕ್ಕಿರೊಟ್ಟಿ ಸೂಪರ್.’ ಮೂರನೆಯವರು: ‘ಹವೆ ಎಷ್ಟು ಶುದ್ಧ ಎಂದರೆ ನಮ್ಮ ಶ್ವಾಸಕೋಶಕ್ಕೇ ಒಗ್ಗದೆ ಬೆಳಗ್ಗೆ ತಲೆ ಭಾರವಾಯಿತು!’ ಮೂವರೂ ಐದೈದು ಸ್ಟಾರು ಕೊಟ್ಟಿದ್ದಾರೆ. ವಿಷವನ್ನು ಕುಡಿದು, ಬಾಯಿ ಚಪ್ಪರಿಸಿ, ಧನ್ಯವಾದ ಹೇಳಿ ಹೋಗಿದ್ದಾರೆ.

ಅವರನ್ನು ನೋಡಿ ನಾನು ನಗುವಂತಿಲ್ಲ. ಬೀಗರು ಪೂಜೆಯವರು, ಅವರ ಮನೆಯಲ್ಲಿ ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಯಾರೂ ಕಾಫಿ ಲೋಟವನ್ನೂ ಮುಟ್ಟುವುದಿಲ್ಲ. ಹಾಗಾಗಿ ಬಿಸಿನೀರಿನ ವ್ಯವಸ್ಥೆಯನ್ನು ಖುದ್ದು ಪರೀಕ್ಷಿಸುತ್ತೇನೆ ಎಂದು ನಾನು ಟವೆಲ್ ಹಿಡಿದುಕೊಂಡೇ ಆ ಮನೆಗೆ ಹೋದೆ. ಬಚ್ಚಲಿನ ಒಳಗೇ ಗೋಡೆಗೆ ಗ್ಯಾಸ್ ಗೀಸರ್. ಕಿಟಕಿ ಇತ್ತು, ಆದರೆ ಸೊಳ್ಳೆ ಬರುತ್ತದೆಂದು ಪ್ಲೈವುಡ್ ಹೊಡೆದು ಮುಚ್ಚಿದ್ದರು. ಮೂವತ್ತು ಬಕೆಟ್ ನೀರಿಗೂ ಜಗ್ಗದ ಗೀಸರ್ ಅಂದರು. ನಾನು ಹಾಡಿಕೊಂಡು ಸ್ನಾನ ಮಾಡಿದೆ. ಹೊರಗೆ ಬರುವಾಗ ಬಾಗಿಲ ಚೌಕಟ್ಟು ಎರಡೆರಡು ಕಂಡಿತು. ಮಂಚ ಹಿಡಿದುಕೊಂಡು ಕೂತೆ.

“ಪಿತ್ತ ಇರ್ಬೇಕು ಅಣ್ಣಾ, ಹೊಟ್ಟೆ ಖಾಲಿ ಇಟ್ಕೊಂಡು ಬಂದಿದೀರ,” ಎಂದು ಮನೆಯ ಯಜಮಾನಿ ಮಜ್ಜಿಗೆ ಕೊಟ್ಟರು. ಆಮೇಲೆ ಕಡುಬು, ಆಮೇಲೆ ಕಾಫಿ. ಕಾಫಿ ಮುಗಿಯುವ ಹೊತ್ತಿಗೆ ಪಕ್ಕದಲ್ಲೇ ನಿಂತು, “ಅಣ್ಣಾ, ಹಂಗೇ ಒಂದೆರಡು ಸಾಲು ಬರೆದ್ಬಿಡಿ,” ಅಂದರು.

ನಮ್ಮ ಜನರನ್ನು ತಾವು ಬಲ್ಲಿರಿ ಸ್ವಾಮಿ. ಎಲೆಯ ಮುಂದೆ ಕೂತವನು ಸಾರಿಗೆ ಉಪ್ಪು ಕಮ್ಮಿಯಾಗಿದೆ ಎನ್ನುವುದಿಲ್ಲ. ಬಡಿಸಿದವರು ಮುಖ ನೋಡಿಕೊಂಡು ನಿಂತಿರುವಾಗ ಎರಡನೇ ಸಲ ಹಾಕಿಸಿಕೊಂಡು ‘ಭಾಳ ಚೆನ್ನಾಗಿದೆ’ ಅನ್ನುತ್ತಾನೆ, ಮನೆಗೆ ಹೋಗಿ ಹೆಂಡತಿಯ ಹತ್ತಿರ ಬೈಯುತ್ತಾನೆ. ಇದಕ್ಕೆ ನಾವು ದಾಕ್ಷಿಣ್ಯ ಎಂದು ಹೆಸರಿಟ್ಟುಕೊಂಡು ಹೆಮ್ಮೆಪಡುತ್ತೇವೆ. ಇಂಥವನ ಕೈಗೆ ಮೊಬೈಲು ಕೊಟ್ಟು, ಯಜಮಾನಿಯನ್ನು ಪಕ್ಕಕ್ಕೆ ನಿಲ್ಲಿಸಿ, ಬಚ್ಚಲಿಗೆ ಅಂಕ ಹಾಕು ಎಂದರೆ ಅವನು ಕಡುಬಿಗೆ ಅಂಕ ಹಾಕದೆ ಇನ್ನೇನು ಮಾಡಿಯಾನು? ನಾನು ಬರೆದದ್ದು ಇಷ್ಟು: ‘ಇಲ್ಲಿ ಸ್ನಾನ ಮಾಡಿದರೆ ಹತ್ತು ವರ್ಷದ ಆಯಾಸ ಒಂದೇ ಸಲಕ್ಕೆ ಇಳಿಯುತ್ತದೆ. ಕುಟುಂಬ ಸಮೇತ ಬನ್ನಿ.’

ಬಂದರು. ಹನ್ನೊಂದು ಜನ. ಮುಹೂರ್ತದ ದಿನ ಬೆಳಗ್ಗೆ ನಾಲ್ಕೂವರೆಗೆ ಗೀಸರ್ ಹಚ್ಚಿದವರು ಆರಿಸಲೇ ಇಲ್ಲ. ಒಬ್ಬರು ಹೊರಗೆ ಬಂದರೆ ಇನ್ನೊಬ್ಬರು ಒಳಗೆ. ಹಿರಿಯರು ಮೊದಲು, ಅವರ ಪೂಜೆಗೆ ತಡವಾಗಬಾರದು. ಮದುಮಗನ ತಂಗಿ ಸೌಂದರ್ಯ ಎಲ್ಲರಿಗೂ ಟವೆಲ್ಲು, ವಿಭೂತಿ, ಮಡಿಬಟ್ಟೆ ಕೊಟ್ಟು ಕಡೆಗೆ ಉಳಿದಳು. ಒಂದೂವರೆ ಗಂಟೆ ಉರಿದ ಗೀಸರಿನ ಕೋಣೆಗೆ ಬಾಗಿಲು ಹಾಕಿಕೊಂಡು ಹೋದಳು. “ತಲೆಗೆ ಹಾಕ್ಕೊಂಡು ಬೇಗ ಬಾರೇ, ಜಡೆ ಹಾಕೋಕೆ ಹೊತ್ತಾಗುತ್ತೆ,” ಎಂದು ತಾಯಿ ಲಿಂಗಮ್ಮ ಹೊರಗಿನಿಂದ ಎರಡು ಸಲ ಕೂಗಿದರಂತೆ. ಮೂರನೇ ಸಲ ಬಾಗಿಲು ಒಡೆದರು. ನಾನು ಮಂಟಪದಲ್ಲಿ ಚಪ್ಪರದ ಕೆಳಗೆ ನಿಂತು, ಬೀಗರಿಗೆ ಎಂಥ ಮನೆ ಹಿಡಿದುಕೊಟ್ಟೆ ಗೊತ್ತಾ ಎಂದು ಯಾರಿಗೋ ಹೇಳುತ್ತಿದ್ದೆ. ಆಗ ಫೋನು ಬಂತು.

ಮದುವೆ ನಿಂತಿತು. ಡಾಕ್ಟರು ಬಾಯಲ್ಲಿ ಹೇಳಿದರು: ಗೀಸರಿನ ವಿಷಗಾಳಿ, ಬಣ್ಣವಿಲ್ಲ, ವಾಸನೆಯಿಲ್ಲ, ಮೊದಲು ತಲೆ ಸುತ್ತು, ಆಮೇಲೆ ನಿದ್ದೆ. ಶವಪರೀಕ್ಷೆಯ ಕಾಗದದಲ್ಲಿ ಮಾತ್ರ ‘ಅಂತಿಮ ಅಭಿಪ್ರಾಯ ಕಾಯ್ದಿರಿಸಿದೆ’ ಎಂದಿದೆ. ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗಿ ನಾಲ್ಕು ತಿಂಗಳು, ವರದಿ ಬಂದಿಲ್ಲ. ಹೆಣ ಹಿರಿಯೂರು ಮುಟ್ಟುವ ಮೊದಲೇ ಆ ಮನೆಯಲ್ಲಿ ಗ್ಯಾಸ್ ಗೀಸರ್ ಬಿಚ್ಚಿ ಕರೆಂಟಿನದು ಹಾಕಿದ್ದರು, ಪ್ಲೈವುಡ್ಡನ್ನೂ ಕಿತ್ತಿದ್ದರು. ಆಮೇಲೆ ತಮ್ಮ ಕಚೇರಿಯ ಆ ಸಾಲು ಬಂತು. ನ್ಯೂನತೆ ಇಲ್ಲ.

ಈಗ ಲಿಂಗಮ್ಮನವರ ಲೆಕ್ಕ ಕೇಳಿ. ಸರ್ಕಾರವೇ ಹೇಳಿದೆ, ಮನೆಯಲ್ಲಿ ತಪ್ಪಿಲ್ಲ. ಮಗಳಿಗೆ ರೋಗವಿರಲಿಲ್ಲ. ಹಾಗಾದರೆ ಅವಳನ್ನು ಕೊಂದದ್ದು ಯಾವುದು? “ಸೊಸೆಯಾಗಿ ನಮ್ಮನೆ ಹೊಸ್ಲು ದಾಟೋಕ್ ಮುಂಚೇನೇ ಒಂದ್ ಜೀವ ತಗೊಂಡ್ಲು. ಒಳಗ್ ಬಂದ್ರೆ ಇನ್ನೆಷ್ಟು?” ಎಂದರು. ಹೆತ್ತವಳ ಸಂಕಟ ಅದು. ಆದರೆ ಆ ಮಾತು ಹಿರಿಯೂರಿನಿಂದ ರಾಗಿಗುಡ್ಡಕ್ಕೆ ಬಂತು, ರಾಗಿಗುಡ್ಡದಿಂದ ಶಾಲೆಗೆ ಹೋಯಿತು. ಪಕ್ಕದ ಮನೆಯ ಸೀಮಂತಕ್ಕೆ ತನುಜಾಳನ್ನು ಕರೆಯಲಿಲ್ಲ. ಮೊನ್ನೆ ಅವಳು ನನ್ನನ್ನು ಕೇಳಿದಳು: “ಮಾವಾ, ನಿಶ್ಚಿತಾರ್ಥದ್ ದಿನ ಅವ್ರ ಮನೆಗೆ ನಾನ್ ಯಾವ್ ಕಾಲ್ ಮೊದ್ಲು ಇಟ್ಟಿದ್ದೆ, ನೆನಪಿದ್ಯಾ ನಿಮ್ಗೆ?” ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಹುಡುಗಿ ಸ್ವಾಮಿ ಅವಳು.

ವಿಜಯೇಂದ್ರ ಒಳ್ಳೆಯ ಹುಡುಗ. ಫೋನು ಮಾಡುತ್ತಾನೆ. “ನಂಗೇನೂ ಅನುಮಾನ ಇಲ್ಲ ಮಾವಾ. ಅಮ್ಮನ್ ಕೈಗೆ ಕೊಡೋಕೆ ಒಂದ್ ಪೇಪರ್ ಬೇಕು, ಅಷ್ಟೇ,” ಅನ್ನುತ್ತಾನೆ.

ಆ ಪೇಪರಿಗಾಗಿ ನಾನು ತಮ್ಮ ಕಚೇರಿಗೆ ಆರು ಸಲ ಬಂದೆ. ತಾವು ಆರು ಸಲವೂ ಮೀಟಿಂಗಿನಲ್ಲಿದ್ದಿರಿ. ತಮ್ಮ ಗುಮಾಸ್ತರು ಕಡತ ತೋರಿಸಿದರು. ಸ್ಥಳ ಪರಿಶೀಲನಾ ವರದಿ ಎಲ್ಲಿ ಎಂದರೆ ನಕ್ಕರು. “ಸ್ಥಳಕ್ಕೆ ಹೋಗೋಕೆ ಗಾಡಿ ಎಲ್ಲಿದೆ ಯಜಮಾನ್ರೇ? ಫೋರ್ ಪಾಯಿಂಟ್ ಏಯ್ಟ್ ಇದೆ ನೋಡಿ, ಜನಾನೇ ಸರ್ಟಿಫಿಕೇಟ್ ಕೊಟ್ಟಿದಾರೆ,” ಎಂದು ಒಂದು ಕಂತೆ ಪ್ರಿಂಟು ಮುಂದಿಟ್ಟರು. ಸಾವಾದ ಮೇಲೆ ತೆಗೆಸಿದ ಪ್ರಿಂಟು. ಏಳನೇ ಹಾಳೆಯಲ್ಲಿ, ಸರ್ಕಾರದ ಮೊಹರಿನ ಕೆಳಗೆ, ನಾನು ಬರೆದದ್ದಿತ್ತು: ‘ಕುಟುಂಬ ಸಮೇತ ಬನ್ನಿ.’

ಅಲ್ಲಿಂದ ಎದ್ದು ಬಂದು ಬಸ್‌ಸ್ಟ್ಯಾಂಡಿನಲ್ಲೇ ಕೂತು ಅದನ್ನು ಅಳಿಸಿದೆ. ನಡೆದದ್ದನ್ನು ಬರೆದು ಒಂದು ಸ್ಟಾರು ಹಾಕಿದೆ. ಮರುದಿನ ನೋಡಿದರೆ ಮನೆ ಇನ್ನೂ ನಾಲ್ಕು ಪಾಯಿಂಟ್ ಎಂಟರಲ್ಲೇ ಇತ್ತು. ಇನ್ನೂರ ಹತ್ತು ಜನರ ಹೊಗಳಿಕೆಯ ಎದುರು ಒಂದು ಸಾವಿಗೆ ಒಂದು ಪಾಯಿಂಟಿನಷ್ಟೂ ತೂಕವಿಲ್ಲ. ಅದು ಮೊಬೈಲಿನ ಗಣಿತ, ಅದಕ್ಕೆ ಕಣ್ಣಿಲ್ಲ. ಕಣ್ಣಿರುವ ತಾವು ಅದೇ ಗಣಿತ ಮಾಡಬಹುದೆ? ನಾವು ದಾಕ್ಷಿಣ್ಯಕ್ಕೆ ಬಿದ್ದು ಸುಳ್ಳು ಬರೆದೆವು. ತಮಗೆ ಯಾರು ಕಡುಬು ಕೊಟ್ಟಿದ್ದರು?

ಕೇಳುವುದು ಇಷ್ಟೇ. ಆ ಸಾಲನ್ನು ಹಿಂದಕ್ಕೆ ಪಡೆಯಿರಿ. ‘ನಾವು ಆ ಮನೆಯನ್ನು ನೋಡಿರಲಿಲ್ಲ, ನೋಡದೆಯೇ ಬರೆದೆವು, ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇತ್ತು, ಗಾಳಿಗೆ ದಾರಿಯಿರಲಿಲ್ಲ’ ಎಂದು ಬರೆದು, ಸಹಿ ಹಾಕಿ, ಹಿರಿಯೂರಿನ ಲಿಂಗಮ್ಮನವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ಗೀಸರ್ ಇದ್ದದ್ದಕ್ಕೆ ನಾನು ಸಾಕ್ಷಿ. ಎಲ್ಲಿ ಕರೆದರೂ ಬಂದು, ತಲೆ ಸುತ್ತಿದ ಮೇಲೂ ಹೊಗಳಿ ಬರೆದೆ ಎಂದು ಹೇಳುತ್ತೇನೆ. ಪೋಸ್ಟಿನ ಖರ್ಚೂ ನನ್ನದೇ ಇರಲಿ.

ಕೊನೆಗೊಂದು ತಿದ್ದುಪಡಿ. ತಮ್ಮ ಕಚೇರಿಗೆ ನಾನು ತುಂಬಿ ಕೊಟ್ಟ ದೂರಿನ ಫಾರಂನಲ್ಲಿ ‘ದೂರುದಾರರಿಗೆ ಆದ ನಷ್ಟ’ ಎಂಬ ಕಾಲಂ ಇದೆ. ದೊಡ್ಡ ಮೊತ್ತ ಕಂಡರೆ ತಾವು ಬಾಗಿಲು ತೆರೆದೀರೆಂದು ನಾನು ಅಲ್ಲಿ ಮೂರು ಲಕ್ಷ ಎಂದು ಬರೆದಿದ್ದೆ. ಅದು ಸುಳ್ಳು. ನನ್ನ ಜೇಬಿನಿಂದ ಹೋದದ್ದು ಎಂಟು ಸಾವಿರದ ಐನೂರು ರೂಪಾಯಿ. ಬಾಡಿಗೆ ಒಂಬತ್ತು ಸಾವಿರವಿತ್ತು; ಆ ಎರಡು ಸಾಲು ಬರೆದುಕೊಟ್ಟಿದ್ದಕ್ಕೆ ಐನೂರು ಬಿಟ್ಟರು.

ಇಂತಿ,
ಬೀಗರಿಗೆ ಮನೆ ಹಿಡಿದುಕೊಟ್ಟ ಸೋದರಮಾವ,
ಶಿವಯೋಗಪ್ಪ, ಭದ್ರಾವತಿ