ಮುಂಡರಗಿಯ ಡೆಡ್ ಲೆಟರ್

ಬೆಟಗೇರಿ
23 ಜುಲೈ 2025, ಬುಧವಾರ

ಪ್ರೀತಿಯ ಸೋಮೇಶಣ್ಣಾ,

ಕೊಡ್ತಾರೆ, ಖರೆನೇ ಕೊಡ್ತಾರೆ. ಮನೆ ಬಿಡುವ ದಿನ ಚೀಲ ಹೆಗಲಿಗೆ ಹಾಕಿಕೊಂಡು "ಪಾಳಿ ಕಾಯಾಕೂ ಪಗಾರ ಕೊಡ್ತಾರೇನಲೇ ಶೃತಿ?" ಎಂದು ನಕ್ಕಿದ್ದೆಯಲ್ಲ, ಅದಕ್ಕೆ ಉತ್ತರ ಇದು. ಮೊದಲು ನೀನು ಹೇಗಿದ್ದೀ ಹೇಳು. ಮುಂಡರಗಿಯಲ್ಲಿ ಕರೆಂಟು ತೆಗೆಯುವ ಅಷ್ಟೆತ್ತರದ ಗಾಳಿ ಫ್ಯಾನು ಹತ್ತಿ ಇಳಿದು ಮೊಣಕಾಲು ಹಿಡಿದಿಲ್ಲ ತಾನೇ? ರೊಟ್ಟಿ ಸಿಗುತ್ತದೋ, ಬರೀ ಹೋಟೆಲಿನ ಅನ್ನವೋ? ಇಲ್ಲಿ ಅವ್ವ, ಅಜ್ಜಿ ಆರಾಮ. ನೀನು ಮನೆಯ ವಾಟ್ಸಾಪ್ ಗ್ರೂಪ್ ಬಿಟ್ಟೆ, ನಂಬರೂ ಬದಲಿಸಿದೆ. ನಿನ್ನ ಗೆಳೆಯ ಕೊಟ್ರೇಶನನ್ನು ಪೀಡಿಸಿದರೆ ರೂಮಿನ ವಿಳಾಸ ಮಾತ್ರ ಕೊಟ್ಟ. "ನಂಬರ್ ಕೇಳಬ್ಯಾಡವಾ, ಆಣಿ ಮಾಡಿಸ್ಯಾನ" ಎಂದ. ಅದಕ್ಕೇ ಈ ಅಂಚೆ. ಎಮೋಜಿ ಇಲ್ಲದೆ ಕೈ ತುರಿಸುತ್ತಿದೆ.

ನನ್ನ ಕೆಲಸ ಕೇಳು. ನಮ್ಮದು ಲಾರಿ ಸಾಗಾಟದ ಕಂಪನಿಯ ಕಂಪ್ಯೂಟರ್ ವಿಭಾಗ, ಮನೆಯಲ್ಲಿ ಕೂತೇ ಕೆಲಸ. ಗದಗಿನ ಬುಕಿಂಗ್ ಆಫೀಸಿನಿಂದ ಒಂದೊಂದು ಊರಿನ ಗೋದಾಮಿಗೂ ಸಂದೇಶ ಹೋಗುತ್ತದೆ: ಇಂಥ ಮಾಲು ಬರುತ್ತಿದೆ, ಇಳಿಸಿಕೊಳ್ಳಿ ಎಂದು. ಅಲ್ಲಿನ ಕಂಪ್ಯೂಟರ್ ಬಂದಾಗಿದ್ದರೂ ಸಂದೇಶ ಕಳೆಯಬಾರದು. ಪಾಳಿಯಲ್ಲಿ ನಿಂತಿರಬೇಕು, ಅದು ಎದ್ದ ಮೇಲೆ ಒಂದೊಂದಾಗಿ ಒಳಗೆ ಹೋಗಬೇಕು. ಆ ಪಾಳಿ ನೋಡಿಕೊಳ್ಳುವ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ. ಎಂಥ ಚೆಂದದ ಸಾಫ್ಟ್‌ವೇರ್ ಅಂತೀ! ಅವ್ವ ಧಾರಾವಾಹಿ ನೋಡುವ ಹಾಗೆ ನಾನು ಅದನ್ನು ಬಳಸುವವರ ಹಳೇ ಚಾಟ್‌ಗಳನ್ನು ಓದುತ್ತೇನೆ. ಯಾವುದೋ ದೇಶದವನ ಪಾಳಿ ತುಂಬಿತ್ತು, ಹೇಗೆ ಬಿಡಿಸಿಕೊಂಡ ಎಂದು ತಿಳಿಯುವ ತನಕ ಊಟ ಸೇರುವುದಿಲ್ಲ.

ಎಲ್ಲೂ ತಲುಪಲಾಗದ ಸಂದೇಶವನ್ನು ಅದು ಬಿಸಾಡುವುದಿಲ್ಲ, ಬೇರೆ ಪಾಳಿಯಲ್ಲಿ ಇಡುತ್ತದೆ. ಅದರ ಹೆಸರು ಡೆಡ್ ಲೆಟರ್. ಮೊನ್ನೆ ಸೋಮವಾರ ಆದದ್ದು ಈ ಹೆಸರಿನಿಂದಲೇ. ಬೆಳಿಗ್ಗೆ ಹಿರಿಯರಾದ ಶಕೀಲ ಸರ್ ಫೋನ್ ಮಾಡಿದರು. ಮಗ್ಗದ ಸಪ್ಪಳದಲ್ಲಿ ಏನೂ ಕೇಳಿಸದು, ನಾನೂ ಕೂಗಿದೆ: "ಹೌದ್ರೀ ಸರ್, ಮುಂಡರಗ್ಯಾಗ ಡೆಡ್ ಲೆಟರ್! ಒಂದಲ್ರೀ, ಬಾಳ ಅದಾವು!"

ದವಾಖಾನೆಗೆ ಹೋಗಿ ಬಂದು ಅಜ್ಜಿ ಕಲಿತ ಇಂಗ್ಲಿಷು ಒಂದೇ ಶಬ್ದ, 'ಡೆಡ್'. ಸಾವಿನ ಸುದ್ದಿಯ ಪತ್ರ ಹೊಸ್ತಿಲು ದಾಟಬಾರದು, ಹೊರಗೇ ಓದಿ ಹರಿಯಬೇಕು ಎನ್ನುವುದು ಅವಳ ಪದ್ಧತಿ. "ಒಳಗ ಇಟ್ಕೊಂಡು ಕುಂತೀಯಲ್ಲೇ! ಹೊರಗ ಓದಿ ಹರದು ಒಗಿ!" ಎಂದು ಲ್ಯಾಪ್‌ಟಾಪ್ ಸಮೇತ ನನ್ನನ್ನು ಬೀದಿಗೆ ದಬ್ಬಿದಳು. ನನಗೆ ಕೆಲಸದ ಗಡಿಬಿಡಿ. ಅಜ್ಜಿಗೆ ಏನೋ ಆಗಿದೆ ಎಂದುಕೊಂಡು ಕಟ್ಟೆಯ ಮೇಲೆ ಕೂತೆ.

ಫೋನಿನಲ್ಲಿ ಅಜ್ಜಿಯ ಕೂಗು ಕೇಳಿದ್ದ ಸರ್ "ಹರಿಯೂದು ಆಮ್ಯಾಲವಾ, ಮೊದಲ ಕಾರಣ ಓದು" ಎಂದರು. ಪ್ರತಿ ಡೆಡ್ ಲೆಟರಿನ ತಲೆಯ ಮೇಲೆ ಕಾರಣದ ನಂಬರ್ ಇರುತ್ತದೆ. ಎಲ್ಲದರ ಮೇಲೂ 2051. ಅಂದರೆ ವಿಳಾಸ ಸರಿ ಇದೆ, ದಾರಿ ಸರಿ ಇದೆ, ಆ ಕಡೆಯ ಬಾಗಿಲು ಮುಚ್ಚಿದೆ. ಮುಂಡರಗಿ ಗೋದಾಮಿನಲ್ಲಿ ಮಾಲು ಎಣಿಸುವಾಗ ಯಾರೋ ಅಲ್ಲಿಯ ಪಾಳಿ ಬಂದ್ ಮಾಡಿ ತೆರೆಯಲು ಮರೆತಿದ್ದರು. ಇಲ್ಲಿಂದಲೇ ತೆರೆದೆ, ಸಂದೇಶಗಳನ್ನು ಮತ್ತೆ ಪಾಳಿಗೆ ಹಚ್ಚಿದೆ, ಎಲ್ಲವೂ ಹೋದವು. ನಾನು ಒಬ್ಬಳೇ ಬಗೆಹರಿಸಿದ ಮೊದಲ ಕೆಲಸ!

ಕುಣಿಯುತ್ತ ಒಳಗೆ ಬಂದರೆ ಅವ್ವ ನೆಲಕ್ಕೆ ಕೂತು ಅಳುತ್ತಿದ್ದಾಳೆ, ಅಜ್ಜಿ ಗೋಡೆ ಹಿಡಿದು ನಿಂತಿದ್ದಾಳೆ. ಮುಂಡರಗಿ ಎಂದರೆ ಈ ಮನೆಗೆ ನೀನೊಬ್ಬನೇ ಅಲ್ಲವೇ? ಬಿಡಿಸಿ ಹೇಳುವಷ್ಟರಲ್ಲಿ ನನ್ನ ಜೀವ ಹೋಯಿತು. "ಸಾಯಲಾರದ್ದಕ್ಕ ಸತ್ತದ್ದು ಅಂತ ಹೆಸರಿಡ್ತಾರಲ್ಲ, ಎಂಥಾ ಮಂದಿಲೇ ನಿಮ್ಮವರು!" ಎಂದು ಅಜ್ಜಿ ಬೈದಳು. ಅವ್ವ ಅಳುತ್ತಲೇ ನಕ್ಕಳು.

ಅಜ್ಜಿ ನಿನ್ನ ಹೆಸರಿನಲ್ಲಿ ದೃಷ್ಟಿ ತೆಗೆದಿದ್ದಾಳೆ, ಅವ್ವ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ. ಫ್ಯಾನು ಹತ್ತುವಾಗ ಬೆಲ್ಟು ಹಾಕಿಕೋ.

ನಿನ್ನ ಪಾಳಿ ಕಾಯುವ ತಂಗಿ,
ಶೃತಿ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಅಪ್ಪನ ಸುದ್ದಿ ಬರೆಯಲೇ ಇಲ್ಲ ನೋಡು. "ಮಗ್ಗ ಬಿಟ್ಟು ಹೋದರ ಈ ಹೊಸ್ತಿಲಾ ತುಳೀಬ್ಯಾಡ" ಎಂದವನು ಆಮೇಲೆ ನಿನ್ನ ಹೆಸರು ಎತ್ತಿಲ್ಲ. ಸೋಮವಾರ ನಾನು ಒಳಗೆ ಬಂದಾಗ ಮಗ್ಗ ನಿಂತಿತ್ತು, ಲಾಳಿ ಅರ್ಧಕ್ಕೇ ಬಿದ್ದಿತ್ತು, ಹಿತ್ತಲ ಬಾಗಿಲು ತೆರೆದಿತ್ತು. ಹುಡುಕಿಕೊಂಡು ಹೋದರೆ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಬರಿಗಾಲಲ್ಲಿ ಮುಂಡರಗಿ ಬಸ್ಸಿನಲ್ಲಿ ಕೂತಿದ್ದ. ನಿನಗೆ ಏನೂ ಆಗಿಲ್ಲ ಎಂದೆ. ಕಿಟಕಿಯ ಕಡೆಗೆ ಮುಖ ತಿರುಗಿಸಿ, "ನಾ ನೂಲು ತರಾಕ ಹೊಂಟಿದ್ದೆ" ಎಂದು ಇಳಿದ. ನಾವು ಹುಟ್ಟಿದಾಗಿನಿಂದ ಅಪ್ಪ ನೂಲು ತರುವುದು ನಮ್ಮ ಪಕ್ಕದ ಓಣಿಯಿಂದ. ಮುಂಡರಗಿಯಲ್ಲಿ ನೂಲು ಎಲ್ಲಿ ಸಿಗುತ್ತದಣ್ಣಾ? ಬಂದು ಅವನೆದುರು ನಿಂತು "ಮುಂಡರಗ್ಯಾಗ ನೂಲು ಸಿಗೂದಿಲ್ಲಪ್ಪಾ" ಎಂದು ಹೇಳುವ ಧೈರ್ಯ ಐತೇನು ನಿನಗ?