ತಪ್ಪು ಸೆರಗಿನದಲ್ಲ

ಮಾನ್ಯ ಸಂಚಾರ ವಿಭಾಗದ ಅಧಿಕಾರಿಗಳೇ,

ನೀವು ನನ್ನನ್ನು ಬಿಟ್ಟುಬಿಟ್ಟಿರಿ. ಇದೇ ನನ್ನ ದೂರು. ನಿಮ್ಮ ಕಚೇರಿಯ ಮೆಟ್ಟಿಲು ಹತ್ತುವವರೆಲ್ಲ ತಮ್ಮದೇನೂ ತಪ್ಪಿಲ್ಲ ಎಂದು ಗೋಗರೆಯುವಾಗ, ತಪ್ಪು ನನ್ನದೇ, ಬರೆದುಕೊಳ್ಳಿ ಎಂದು ಒಬ್ಬ ಬೆನ್ನು ಹತ್ತಿದರೆ ಅವನ ತಲೆ ಕೆಟ್ಟಿದೆ ಎಂದು ನಿಮಗನ್ನಿಸಬಹುದು. ಆರು ತಿಂಗಳ ಹಿಂದೆ ಬಾಲಾಜಿನಗರದ ರಸ್ತೆಯಲ್ಲಿ ನನ್ನ ಬೈಕಿನಿಂದ ನನ್ನ ಚಿಗವ್ವ ಕಾಶವ್ವ ಬಿದ್ದಳು. ನಿಮ್ಮ ಸಿಬ್ಬಂದಿ ಬರೆದ ವರದಿಯಲ್ಲಿ ಕಾರಣ ಎಂಬಲ್ಲಿ ಒಂದೇ ಸಾಲಿದೆ: ಹಿಂದೆ ಕುಳಿತ ಮಹಿಳೆ ಸೆರಗಿನ ಬಗ್ಗೆ ಅಜಾಗರೂಕತೆ ತೋರಿದ್ದು. ಅದು ಸುಳ್ಳು. ಅದರ ಕೆಳಗೆ ನನ್ನದೇ ಸಹಿಯಿದೆ.

ನಾನು ಹಡಪಸರದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯುವುದು, ಇದೇ ನನ್ನ ಹೊಟ್ಟೆಪಾಡು. ಹೀಗಿರುವ ಮಹಾಶಯ ಕಚ್ಛದ ರಣದ ಉಪ್ಪಿನ ಬಯಲಿಗೆ ಪ್ರವಾಸ ಹೋಗಬೇಕೆಂದು ದೊಡ್ಡ ಬೈಕು ಕೊಂಡ. ಎರಡು ತಿಂಗಳು ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಅದರ ಅಲಂಕಾರದ ವಿಡಿಯೋಗಳನ್ನೇ ನೋಡಿದ. ಗಾಳಿ ತಡೆಯುವ ಗಾಜು, ಮಂಜು ಸೀಳುವ ದೀಪ, ಬಿದ್ದರೆ ಎಂಜಿನ್ನಿಗೆ ಪೆಟ್ಟಾಗದಂತೆ ಕ್ರ್ಯಾಶ್ ಗಾರ್ಡು, ಸೀಟಿನ ಎರಡೂ ಬದಿಗೆ ಚೀಲ ಕಟ್ಟಲು ಕಬ್ಬಿಣದ ಚೌಕಟ್ಟು. ಮದುಮಗಳಿಗೂ ಇಷ್ಟು ಸಿಂಗಾರ ಇರುವುದಿಲ್ಲ ಎಂದು ನನ್ನ ಹೆಂಡತಿ ಸ್ನೇಹಲ್ ನಗುತ್ತಿದ್ದಳು.

ಆ ಚೌಕಟ್ಟು ಕೂರಬೇಕಾದರೆ ಎಡಬದಿಯ ಸ್ಯಾರಿ ಗಾರ್ಡ್ ತೆಗೆಯಬೇಕಿತ್ತು. ಹಿಂದೆ ಕುಳಿತವರ ಬಟ್ಟೆ ಚಕ್ರಕ್ಕೆ ಸಿಗದಂತೆ ಕಂಪನಿಯವರೇ ಕೊಡುವ ಜಾಲರಿ ಅದು. ಎರಡಕ್ಕೂ ಬೋಲ್ಟಿನ ತೂತು ಒಂದೇ. ಜೋಡಿಸಿಕೊಡುತ್ತಿದ್ದ ಮೆಕ್ಯಾನಿಕ್ ದೇವದಾಸ್ ಸ್ಪ್ಯಾನರ್ ಕೆಳಗಿಟ್ಟು ಹೇಳಿದ: "ಬಸವಪ್ರಭು ಅವ್ರ, ಇದನ್ನ ತಗದ್ರ ಹಿಂದ ಸೀರಿ ಉಟ್ಟಾವ್ರು ಕುಂದ್ರೂ ಹಂಗಿಲ್ಲ ನೋಡ್ರಿ. ಜಾಲರಿ ಕೂಡೇ ಇರೂ ಸ್ಟ್ಯಾಂಡ್ ಬರತೈತಿ, ಹದಿನೈದ ದಿನ ತಡೀರಿ."

ನಾನು ತಡೆಯಲಿಲ್ಲ. "ನನ್ನ ಗಾಡಿ ಮ್ಯಾಲ ಯಾರ್ ಸೀರಿ ಉಟಗೊಂಡು ಕುಂದ್ರತಾರ? ತಗದ ಒಗೀರಿ," ಅಂದೆ. ನಿಜ ಹೇಳಬೇಕೆಂದರೆ ಅವಸರಕ್ಕಿಂತ ನಾಚಿಕೆ ಹೆಚ್ಚಿತ್ತು. ಆ ಜಾಲರಿ ಇದ್ದರೆ ರಣದ ಬಿಳಿ ಉಪ್ಪಿನ ಮೇಲೆ ನಿಂತ ಬೈಕು ಫೋಟೋದಲ್ಲಿ ಹಾಲು ಮಾರುವವನ ಗಾಡಿಯಂತೆ ಕಾಣುತ್ತಿತ್ತು. ಹೆಂಗಸರ ಸೀರೆ ಕಾಯುವ ಜಾಲರಿ ನನ್ನ ಗಂಡಸುತನಕ್ಕೆ ಅಡ್ಡ ಬಂತು ನೋಡಿ.

ಅದಾಗಿ ಒಂದು ವಾರಕ್ಕೆ ನಿಮ್ಮ ಸಿಬ್ಬಂದಿ ಕಾತ್ರಜ್ ಚೌಕದಲ್ಲಿ ನನ್ನನ್ನು ತಡೆದರು. ನಂಬರ್ ಪ್ಲೇಟಿನ ಅಕ್ಷರ ದಿಟ್ಟಿಸಿದರು, ದೀಪದ ಪ್ರಖರತೆಗೆ ಕಣ್ಣು ಕಿರಿದಾಗಿಸಿದರು, ಕ್ರ್ಯಾಶ್ ಗಾರ್ಡನ್ನು ಬಡಿದು ನೋಡಿದರು. ಕಾಲು ಗಂಟೆಯ ತಪಾಸಣೆಯಲ್ಲಿ ಹಿಂದಿನ ಚಕ್ರದತ್ತ ಒಬ್ಬರೂ ಬಗ್ಗಲಿಲ್ಲ. ಕಾಯ್ದೆ ಆ ಜಾಲರಿಯನ್ನೂ ಕೇಳುತ್ತದೆ ಎಂಬುದು ನಿಮಗೆ ಗೊತ್ತಿರಲಿಲ್ಲವೇ? ಅಥವಾ ಫೋಟೋ ತೆಗೆದು ಮೇಲಕ್ಕೆ ಕಳಿಸಲು ದೀಪವೇ ಚೆನ್ನವೇ? ಆದರೆ ಹೀಗೆ ಕೇಳಲು ನಾನ್ಯಾರು? ನೀವು ನೋಡಲಿಲ್ಲ. ನಾನು ನೋಡಿಯೂ ಬಿಟ್ಟೆ.

ಕಾಶವ್ವ ಧನಕವಡಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಇರುವವಳು. ಇಪ್ಪತ್ತು ವರ್ಷಗಳಿಂದ ನಮ್ಮ ಕನ್ನಡದ ಕಡೆಯಿಂದ ಈ ಮರಾಠಿ ಊರಿಗೆ ಓದಲು ಬಂದ ಹುಡುಗರು ಅವಳು ಬಡಿದ ಜೋಳದ ರೊಟ್ಟಿ ತಿಂದೇ ಪರೀಕ್ಷೆ ಬರೆದಿದ್ದಾರೆ. ಲಟ್ಟಿಸಿದ್ದು ರೊಟ್ಟಿಯೇ ಅಲ್ಲ ಎಂದು ಜಗಳಕ್ಕೇ ನಿಲ್ಲುತ್ತಿದ್ದಳು. ಅಂದು ಜೋಳ ಬೀಸಿಸಲು ಗಿರಣಿಗೆ ಹೋಗಬೇಕಿತ್ತು, ರಿಕ್ಷಾ ಸಿಕ್ಕಿರಲಿಲ್ಲ. ಅವಳೇನೂ ನನ್ನನ್ನು ಕೇಳಲಿಲ್ಲ. "ಬಾ ಚಿಗವ್ವ, ಹೊಸಾ ಗಾಡಿ ಮ್ಯಾಲ ನೀ ಇನ್ನಾ ಕುಂತss ಇಲ್ಲ," ಎಂದು ನಾನೇ ಕರೆದೆ. ಜೋಳದ ಚೀಲವನ್ನು ಮುಂದೆ ಟ್ಯಾಂಕಿನ ಮೇಲಿಟ್ಟುಕೊಂಡೆ. ಹಿಂದೆ ಅವಳು ಒಂದೇ ಬದಿಗೆ ಕಾಲು ಬಿಟ್ಟು ಕೂತಳು. ಪ್ರವಾಸದ ಚೀಲಗಳು ಮನೆಯಲ್ಲಿದ್ದವು, ಹಾಗಾಗಿ ಖಾಲಿ ಚೌಕಟ್ಟಿನ ಒಳಗೆ ಚಕ್ರ ಬತ್ತಲೆಯಾಗಿತ್ತು. ರಸ್ತೆಯುಬ್ಬು ದಾಟುವಾಗ ಸೆರಗು ಚಕ್ರಕ್ಕೆ ಸುತ್ತಿತು. ನಾನು ಬ್ರೇಕ್ ಹಿಡಿಯುವ ಮೊದಲೇ ಅವಳು ಕೆಳಗಿದ್ದಳು, ಬಲಗೈ ಮೈಯಡಿ ಸಿಕ್ಕಿತ್ತು.

ನಿಮ್ಮ ಹವಾಲ್ದಾರರು ಒಳ್ಳೆಯವರು. ನೀರು ಕುಡಿಸಿದರು, ರಿಕ್ಷಾ ಹಿಡಿದುಕೊಟ್ಟರು. ಆಮೇಲೆ ಕಾಗದ ತೆಗೆದು, "ಮಾವಶಿ, ಪದರ್ ಸಾಂಭಾಳಾಯ್ಚಾ ನಾ," ಅಂದರು. ಸೆರಗು ಸಂಭಾಳಿಸಬೇಕಿತ್ತಲ್ಲ ಎಂಬ ಆ ಮಾತಿಗೆ ಚಿಗವ್ವ ಆ ನೋವಿನಲ್ಲೂ ತಲೆಯಾಡಿಸಿ, "ಹೌದ್ರಿ, ನಂದss ತಪ್ಪ," ಅಂದಳು. ಹವಾಲ್ದಾರರು ಅದನ್ನೇ ಬರೆದು ನನ್ನ ಮುಂದೆ ಹಿಡಿದರು. ನಾನು ಸಹಿ ಮಾಡಿದೆ. ಮರುದಿನವೇ ದೇವದಾಸನ ಬಳಿ ಹೋಗಿ ಚೌಕಟ್ಟು ಬಿಚ್ಚಿಸಿ ಹಳೆಯ ಜಾಲರಿ ಹಾಕಿಸಿದೆ. ಹತ್ತು ನಿಮಿಷದ ಕೆಲಸ. ದೇವದಾಸ್ ಬೋಲ್ಟು ಬಿಗಿದು ಮುಂದಿನ ಗಾಡಿಯತ್ತ ತಿರುಗಿದ.

ಮುರಿದ ಮುಂಗೈ ಮೂಳೆಗೆ ಒಳಗೆ ಸ್ಟೀಲಿನ ಪಟ್ಟಿ ಹಾಕಿದ್ದಾರೆ, ಅವಳ ಬೆರಳು ಪೂರ್ತಿ ಮಡಚುವುದಿಲ್ಲ. ಈಗ ಅವಳ ಮಗಳು ಶೀತಲ್ ರೊಟ್ಟಿ ಲಟ್ಟಿಸುತ್ತಾಳೆ, ಚಿಗವ್ವ ಮುಖ ಆ ಕಡೆ ತಿರುಗಿಸಿ ಕೂರುತ್ತಾಳೆ. ಬಂದವರಿಗೆಲ್ಲ, "ನಾ ಸೆರಗ ಸುತಗೊಂಡಿದ್ರ ಹಿಂಗ ಆಗತಿದ್ದಿಲ್ಲ," ಅನ್ನುತ್ತಾಳೆ. ನನ್ನ ಪ್ರವಾಸ ತನ್ನಿಂದ ಕೆಟ್ಟಿತೆಂದು ನನ್ನಲ್ಲೇ ಕ್ಷಮೆ ಕೇಳಿದಳು. ನಾನು, "ಇರಲಿ ಬಿಡು ಚಿಗವ್ವ," ಅಂದೆ. ದೊಡ್ಡ ಮನಸ್ಸಿನವನ ಹಾಗೆ ಅಂದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಸಾಲು ಹೊಡೆದುಹಾಕಿ. ಸವಾರನು ಗೊತ್ತಿದ್ದೂ ರಕ್ಷಣಾ ಜಾಲರಿ ತೆಗೆಸಿದ್ದರಿಂದ ಎಂದು ಬರೆಯಿರಿ, ಕಾಯ್ದೆಯಲ್ಲಿ ಏನಿದೆಯೋ ಅದನ್ನು ನನಗೆ ಮಾಡಿ. ತಿದ್ದಿದ ಪ್ರತಿಯನ್ನು ಕಾಶವ್ವನ ಹೆಸರಿಗೆ ಕಳಿಸಿ. ನಾಳೆಯಿಂದ ಗಾಡಿ ತಡೆದಾಗ ಸ್ವಲ್ಪ ಬಗ್ಗಿ ಹಿಂದಿನ ಚಕ್ರವನ್ನೂ ನೋಡಿ. ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಕನ್ನಡದ್ದನ್ನು ಪತ್ರಿಕೆಗೆ ಕಳಿಸುವ ಮೊದಲು ನಿನ್ನೆ ಚಿಗವ್ವನ ಮುಂದೆ ಕೂತು ಓದಿದೆ. ಪೂರ್ತಿ ಕೇಳಿದಳು. ಬೈಯಲಿಲ್ಲ, ಅಳಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಒಂದೇ ಮಾತು ಕೇಳಿದಳು: "ಮತ್ತ ಆರ ತಿಂಗಳ ಯಾಕ ಸುಮ್ಮ ಇದ್ದಿ ಪ್ರಭು?"

ನಿಮ್ಮ ಯಾವುದಾದರೂ ಫಾರ್ಮಿನಲ್ಲಿ ಇದಕ್ಕೆ ಉತ್ತರ ಬರೆಯುವ ಜಾಗವಿದ್ದರೆ ನನಗೂ ತಿಳಿಸಿ.

ಇಂತಿ,
ನಿಮ್ಮ ಕಾಗದದ ಪ್ರಕಾರ ನಿರಪರಾಧಿ,
ಬಸವಪ್ರಭು, ಧನಕವಡಿ